ಕಿತ್ತಳೆ ಬಣ್ಣದ ಎಣ್ಣೆ

ಕ್ಯಾತ್ಸಂದ್ರ, ತುಮಕೂರು
೯ ಜನವರಿ ೨೦೨೫

ಕದರಯ್ಯ ಮೇಷ್ಟ್ರಿಗೆ ನಜೀರ್ ಅಹಮದ್ ಮಾಡುವ ನಮಸ್ಕಾರ.

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ಪದ್ಧತಿ. ಈ ಸಲ ನಾನು ಕ್ಷೇಮವಾಗಿಲ್ಲ. ಭಾನುವಾರದ ಪತ್ರಿಕೆ ಓದಿದಾಗಿನಿಂದ ಊಟ ಸೇರುತ್ತಿಲ್ಲ.

ಹಾಗಲವಾಡಿಗೆ ಆ ಪತ್ರಿಕೆ ಬರುವುದಿಲ್ಲವೇನೋ ಎಂದು ಕತ್ತರಿಸಿ ಜೊತೆಗಿಟ್ಟಿದ್ದೇನೆ. ನಮ್ಮ ಕುಣಿಗಲ್ ಶಾಲೆಯಲ್ಲಿ ಓದಿದ ಪೂಜಾ, ಮಾರ್ಕೋನಹಳ್ಳಿಯ ಹುಡುಗಿ, ಈಗ ದೊಡ್ಡ ವಿಜ್ಞಾನಿ. ಸೊಪ್ಪು, ಕ್ಯಾರೆಟ್, ಪರಂಗಿ ಹಣ್ಣಿನಲ್ಲಿರುವ ಕ್ಯಾರೊಟಿನ್ ಎಂಬ ಬಣ್ಣವನ್ನು ನಮ್ಮ ದೇಹ ಹೇಗೆ ಎ ಜೀವಸತ್ವ ಮಾಡಿಕೊಳ್ಳುತ್ತದೆ ಎಂಬುದು ಅವಳ ಸಂಶೋಧನೆ. ಚೆನ್ನಾಗಿಯೇ ಮಾತಾಡಿದ್ದಾಳೆ. ಕೊನೆಯಲ್ಲಿ ನಿಮಗೆ ಈ ದಾರಿ ತೋರಿಸಿದವರು ಯಾರು ಎಂದು ಕೇಳಿದ್ದಾರೆ. ಅವಳ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದೇನೆ: "ನಮ್ಮ ಕನ್ನಡ ಮೇಷ್ಟ್ರು ಕದರಯ್ಯನವರು. ಕ್ಯಾರೆಟ್ಟಿನ ಬಣ್ಣ ನೀರಿನಲ್ಲಿ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ ಎಂದು ನನಗೆ ಮೊದಲು ತೋರಿಸಿದವರು ಅವರು."

ಕನ್ನಡ ಮೇಷ್ಟ್ರು!

ನನ್ನ ನೆನಪಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಭಯವಿತ್ತು, ನಿಮಗೂ ಇತ್ತು. ಆದ್ದರಿಂದ ಹೇಳುತ್ತೇನೆ. ೨೦೦೨ರ ನವೆಂಬರ್, ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನ. ಎರಡು ಬಾಣಲೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ. ಎರಡಕ್ಕೂ ತುರಿದ ಕ್ಯಾರೆಟ್. ಹತ್ತು ನಿಮಿಷ ಕಾಯಿಸಿದರೆ ನೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಎಣ್ಣೆ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆಯಂಶ ಇಲ್ಲದಿದ್ದರೆ ಈ ಬಣ್ಣ ಮೈಗೆ ಹತ್ತುವುದಿಲ್ಲ ಎಂದು ಮಕ್ಕಳಿಗೆ ತೋರಿಸಲು ಆ ಪ್ರಯೋಗ ಹೂಡಿದವನು ನಾನು. ಅವತ್ತು ನಿಮ್ಮ ಪಾಲಿನ ಕೆಲಸ ಸೀಮೆಎಣ್ಣೆ ಸ್ಟವ್‌ಗೆ ಪಿನ್ ಹಾಕಿದ್ದು ಮತ್ತು ಬೋರ್ಡಿನ ಮೇಲೆ ದುಂಡಗೆ ಬರೆದದ್ದು.

ಅವಳು ತಪ್ಪು ತಿಳಿದಿದ್ದಾಳೋ, ಯಾರಾದರೂ ತಪ್ಪು ತಿಳಿಸಿದ್ದಾರೋ? ಇದಕ್ಕೆ ಉತ್ತರ ಬೇಕು. ಫೋನ್ ಬೇಡ. ಫೋನಿನಲ್ಲಿ ನಾವು ಜಗಳವಾಡಿ ಆರು ತಿಂಗಳು ಮಾತು ಬಿಟ್ಟದ್ದು ನೆನಪಿದೆ. ಕಾಗದವಾದರೆ ಹರಿದು ಮತ್ತೆ ಬರೆಯಬಹುದು. ಇದು ಮೂರನೆಯ ಸಲ ಬರೆದದ್ದು.

ನಜೀರ್ ಅಹಮದ್

*

ಹಾಗಲವಾಡಿ
೨೭ ಜನವರಿ ೨೦೨೫

ನಜೀರ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಕತ್ತರಿಸಿ ಕಳಿಸಿದ ತುಣುಕನ್ನು ಸೊಸೆಯ ಕೈಲಿ ಓದಿಸಿದೆ. ಪೂಜಾ ಒಳ್ಳೆಯ ಹುಡುಗಿ. ನನ್ನ ಹೆಸರು ಬಂದದ್ದಕ್ಕೆ ಸಂತೋಷವಾಯಿತು ಎಂದರೆ ನಿಮಗೆ ಕೋಪ, ಆಗಲಿಲ್ಲ ಎಂದರೆ ಸುಳ್ಳು.

ಪ್ರಯೋಗ ನಿಮ್ಮದೇ. ನಾನು ಎಲ್ಲಿಯೂ ನನ್ನದೆಂದು ಹೇಳಿಕೊಂಡಿಲ್ಲ. ಅವಳು ಯಾಕೆ ಹಾಗೆ ಹೇಳಿದಳೋ. ಹಳೆಯದನ್ನು ಕೆದಕುವುದು ಬೇಡ ಸಾಹೇಬರೇ, ಕೆದಕಿದರೆ ಇಬ್ಬರ ಉಗುರಿಗೂ ಮಣ್ಣು.

ಇಲ್ಲಿ ಚಳಿ ಬಹಳ. ಹಗಲು ಹೊತ್ತಿನಲ್ಲೂ ಸ್ವೆಟರ್ ಹಾಕುತ್ತೇನೆ. ಕೂತಲ್ಲೇ ನಿದ್ದೆ ಬರುತ್ತದೆ. ನೀವು ಮಕ್ಕಳಿಗೆ ಹೇಳುತ್ತಿದ್ದಂತೆ ದಿನಾ ಎರಡು ಲೋಟ ಕ್ಯಾರೆಟ್ ರಸ ಕುಡಿಯುತ್ತಿದ್ದೇನೆ. ನಿಮ್ಮ ಪಾಠ ಮರೆತಿಲ್ಲ ನೋಡಿ.

ಹಳೆಯ ವಿದ್ಯಾರ್ಥಿಗಳು ಕುಣಿಗಲ್‌ನಲ್ಲಿ ಗುರುವಂದನೆ ಇಟ್ಟುಕೊಂಡಿದ್ದಾರಂತೆ. ನಾನು ಬರುವುದು ಅನುಮಾನ. ಬೆಳಕು ಹೋಗುವ ಮುಂಚೆ ಇದನ್ನು ಮುಗಿಸಬೇಕು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಕದರಯ್ಯ

*

ಕ್ಯಾತ್ಸಂದ್ರ
೫ ಫೆಬ್ರುವರಿ ೨೦೨೫

ಮೇಷ್ಟ್ರೇ,

ಕೇಳಿದ್ದಕ್ಕೆ ಉತ್ತರವಿಲ್ಲ, ಚಳಿಯ ವರ್ಣನೆ ಇದೆ. ಅಕ್ಷರ ನೋಡಿದರೆ ಎಡಗೈಯಲ್ಲಿ ಬರೆದ ಹಾಗಿದೆ. ನಲವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದವರು, ಈಗ ನನಗೆ ಇಷ್ಟು ಸಾಕು ಅಂದುಕೊಂಡಿರೋ?

ಆಮಂತ್ರಣ ಪತ್ರಿಕೆ ನನಗೂ ಬಂತು. ಮಾರ್ಚ್ ೯, ಭಾನುವಾರ, ಸಂಜೆ ಆರೂವರೆ. "ವಿಶೇಷ ಸನ್ಮಾನ: ಶ್ರೀ ಕದರಯ್ಯನವರು." ಕೆಳಗೆ ಸಣ್ಣ ಅಕ್ಷರದಲ್ಲಿ "ಹಾಗೂ ಇತರ ಶಿಕ್ಷಕರು." ಆ ಇತರರ ಪಟ್ಟಿಯಲ್ಲಿ ನಾನು ಆರನೆಯವನು, ಡ್ರಿಲ್ ಮೇಷ್ಟ್ರು ಚನ್ನವೀರಯ್ಯನವರ ಕೆಳಗೆ. ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿದವನು ವಿಜ್ಞಾನಿಯ ಗುರುವಂದನೆಯಲ್ಲಿ "ಹಾಗೂ."

ಪೂಜಾ ಸಂದರ್ಶನದಲ್ಲಿ ಇನ್ನೊಂದು ಮಾತು ಹೇಳಿದ್ದಾಳೆ. ತರಕಾರಿಯ ಕ್ಯಾರೊಟಿನ್ ಹನ್ನೆರಡು ಪಾಲು ಹೊಟ್ಟೆಗೆ ಹೋದರೆ ಎ ಜೀವಸತ್ವ ಆಗುವುದು ಒಂದು ಪಾಲು ಎಂದು. ನಾವು ಪಾಠ ಮಾಡುವಾಗ ಪುಸ್ತಕದಲ್ಲಿ ಆರಕ್ಕೆ ಒಂದು ಎಂದಿತ್ತು. ಹಳೆಯ ಲೆಕ್ಕ ತಪ್ಪಂತೆ. ಇರಲಿ, ನನಗೆ ಹನ್ನೆರಡರಲ್ಲಿ ಒಂದು ಪಾಲಾದರೂ ಕೊಡಬಹುದಿತ್ತಲ್ಲ?

ಇದನ್ನು ನಮ್ಮ ಮನೆಯಾಕೆ ಜಮಾಲುನ್ನೀಸಾಗೆ ಓದಿ ಹೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ನಿಮ್ ಎಣ್ಣೆಗಿಂತ ನಿಮ್ ಹೊಟ್ಟೆಕಿಚ್ಚೇ ಕೆಂಪಗಿದೆ ಕಣ್ರೀ" ಅಂದಳು. ಅಂದದ್ದು ಉರ್ದುವಿನಲ್ಲಿ. ಉರ್ದುವಿನಲ್ಲಿ ಇನ್ನೂ ಖಾರವಾಗಿತ್ತು.

ಬರುವುದು ಅನುಮಾನ ಎಂದು ಬರೆದಿದ್ದೀರಿ. ಸನ್ಮಾನ ಬೇಡವೆಂದು ದೂರ ನಿಂತರೆ ಇನ್ನೂ ದೊಡ್ಡವರಾಗುತ್ತೇವೆ ಎಂಬ ಉಪಾಯ ನನಗೂ ಗೊತ್ತು. ಬನ್ನಿ. ಅದು ರಂಜಾನ್ ತಿಂಗಳು, ನಾನು ರೋಜಾದ ಉಪವಾಸದಲ್ಲಿರುತ್ತೇನೆ. ಹಿಂದೆ ಶಾಲೆಯಲ್ಲಿ ಸಂಜೆಯ ಸ್ಪೆಷಲ್ ಕ್ಲಾಸ್ ಇದ್ದಾಗ ನಿಮಗೊಂದು ಖರ್ಜೂರ ಕೊಟ್ಟು, ನೀವು ತಂದ ನೀರಿನಲ್ಲಿ ಉಪವಾಸ ಬಿಡುತ್ತಿದ್ದೆನಲ್ಲ, ಅದನ್ನೇ ಮಾಡೋಣ. ಖರ್ಜೂರ ನಾನು ತರುತ್ತೇನೆ, ಬೋರ್‌ವೆಲ್ ನೀರು ನೀವು ತನ್ನಿ.

ನಜೀರ್

*

ಹಾಗಲವಾಡಿ
೨೦ ಫೆಬ್ರುವರಿ ೨೦೨೫

ಸಾಹೇಬರಿಗೆ,

ಪೂಜಾ ದಿನಾ ಫೋನ್ ಮಾಡುತ್ತಾಳೆ. ಅವಳ ತಮ್ಮ ಅಂಜನ್‌ಕುಮಾರ್ ಕಾರು ತಂದು ಕರೆದುಕೊಂಡು ಹೋಗುತ್ತಾನಂತೆ. ಬರುತ್ತೇನೆ.

ಒಂದು ಕೋರಿಕೆ. ಕಾರ್ಯಕ್ರಮವನ್ನು ಬೆಳಗ್ಗೆ ಇಡಲು ಸಾಧ್ಯವೇ? ಹಳೆಯ ವಿದ್ಯಾರ್ಥಿಗಳ ಸಂಘದವರ ಪರಿಚಯ ನಿಮಗಿದೆ, ನೀವು ಹೇಳಿದರೆ ಕೇಳಿಯಾರು.

ಅಂಗೈ ಅಂಗಾಲು ಹಳದಿಯಾಗಿವೆ. ಊರಿನವರು ಕಾಮಾಲೆ ಎನ್ನುತ್ತಾರೆ. ಯಲ್ಲಯ್ಯ ಅಂತ ಒಬ್ಬರು ಸೊಪ್ಪಿನ ಔಷಧಿ ಕೊಡುತ್ತಾರೆ. ಪಥ್ಯ ಬಹಳ ಬಿಗಿ. ಎಣ್ಣೆ, ತುಪ್ಪ, ಹಾಲು, ಮೊಟ್ಟೆ ಯಾವುದೂ ಕೂಡದು. ಮಗ ಭೀಮರಾಜ್ ಹಾಲಿನ ಡೈರಿಯ ಸೆಕ್ರೆಟರಿ, ಅಪ್ಪನಿಗೆ ಮಾತ್ರ ಒಂದು ಲೋಟ ಹಾಲಿಲ್ಲ ಎಂದು ಸೊಸೆ ನಗುತ್ತಾಳೆ. ಕ್ಯಾರೆಟ್ ರಸಕ್ಕೆ ಅಡ್ಡಿಯಿಲ್ಲವಂತೆ, ಅದನ್ನೇ ಹೆಚ್ಚು ಮಾಡಿದ್ದೇನೆ.

ನೀರು ತರುತ್ತೇನೆ.

ಕದರಯ್ಯ

*

ಕ್ಯಾತ್ಸಂದ್ರ
೧೦ ಮಾರ್ಚ್ ೨೦೨೫

ಶ್ರೀ ಕದರಯ್ಯನವರಿಗೆ,

ಕಾರ್ಯಕ್ರಮ ಬೆಳಗ್ಗೆ ಇಡಿಸಿ ಎಂದು ನೀವು ಬರೆದಾಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಸಂಜೆಯಾದರೆ ನನ್ನ ಜೊತೆ ಇಫ್ತಾರ್‌ಗೆ ಕೂರಬೇಕಾಗುತ್ತದೆ, ಅದು ಬೇಡವಾಗಿತ್ತು. ಸಂಘದವರಿಗೆ ನಾನು ಹೇಳಲಿಲ್ಲ. ನಿಮ್ಮ ದೂತನಲ್ಲ ನಾನು.

ನಿನ್ನೆ ನಡೆದದ್ದನ್ನು ಬರೆದಿಡುತ್ತೇನೆ, ನಾಳೆ ನೀವು ಮರೆತೆ ಎನ್ನಬಾರದು. ಆರು ಗಂಟೆಯಿಂದ ಶಾಲೆಯ ಗೇಟಿನ ಬಳಿ ನಿಂತಿದ್ದೆ. ಒಳಗೆ ಕರೆದರು, ಹೋಗಲಿಲ್ಲ. ಸೂರ್ಯ ಮುಳುಗಿದ. ಅಂಜನ್‌ಕುಮಾರ್ ನಿಮ್ಮನ್ನು ಇಳಿಸಿ ಕಾರು ನಿಲ್ಲಿಸಲು ಹೋದ. ನೀವೊಬ್ಬರೇ ಗೇಟಿನತ್ತ ಬಂದಿರಿ. ನಿಮಗೂ ನನಗೂ ನಡುವೆ ಎರಡು ಮಾರು. ನಾನು ಖರ್ಜೂರವನ್ನು ಅಂಗೈಯಲ್ಲಿಟ್ಟು ಕೈ ಚಾಚಿದೆ. ಕರೆಯಲಿಲ್ಲ. ಯಾಕೆ ಕರೆಯಬೇಕು? ಹತ್ತೊಂಬತ್ತು ವರ್ಷ ಕರೆಯದೆಯೇ ತೆಗೆದುಕೊಂಡಿದ್ದೀರಿ. ನೀವು ನನ್ನ ಮುಖದತ್ತ ತಿರುಗಿದಿರಿ, ನೋಡಿದಿರಿ, ಮುಂದೆ ಹೋದಿರಿ. ಕಾಂಪೌಂಡ್ ಗೋಡೆಯನ್ನು ಸವರಿಕೊಂಡು ಒಂದೊಂದೇ ಹೆಜ್ಜೆ, ಅರಮನೆ ನೋಡಲು ಬಂದ ದಿವಾನರ ಹಾಗೆ! ನೀರಿನ ಬಾಟಲಿ ನಿಮ್ಮ ಕಂಕುಳಲ್ಲೇ ಇತ್ತು.

ಕಣ್ಣಿಗೆ ಬೀಳಲಿಲ್ಲ ಎನ್ನಬೇಡಿ. ವೇದಿಕೆಯ ಮೇಲೆ ಅಷ್ಟು ದೀಪಗಳ ಕೆಳಗೆ ಕೂತು, ಹತ್ತಿರ ಬಂದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಿರಿ. "ಏನ್ಲಾ ಭಾನುಪ್ರಕಾಶ, ತಲೆಕೂದ್ಲೆಲ್ಲಾ ಎಲ್ ಮೇಯಕ್ ಬಿಟ್ಟೆ?" ಎಂದು ಕೇಳಿ ನಗಿಸಿದಿರಿ. ಪೂಜಾ ನಿಮ್ಮ ಕಾಲು ಮುಟ್ಟಿ, ಮೈಕಿನಲ್ಲಿ ಆ ಎಣ್ಣೆಯ ಕಥೆ ಹೇಳಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀವು ಕೈ ಮುಗಿದಿರಿ. ಒಂದು ಮಾತು, ಒಂದೇ ಒಂದು ಮಾತು, "ಅದು ನಜೀರ್ ಸಾಹೇಬರ ಪ್ರಯೋಗ ಕಣಮ್ಮ" ಎಂದು ಬರಲಿಲ್ಲ.

ನಾನು ಹಿಂದಿನ ಸಾಲಿನಿಂದ ಎದ್ದು ಬಂದೆ. ರೋಜಾವನ್ನು ಬಸ್ ಸ್ಟ್ಯಾಂಡಿನ ನಲ್ಲಿಯ ನೀರಿನಲ್ಲಿ ಬಿಟ್ಟೆ.

ನಜೀರ್ ಅಹಮದ್

*

ಹಾಗಲವಾಡಿ
೨೪ ಮಾರ್ಚ್ ೨೦೨೫

ನಜೀರ್ ಸಾಹೇಬರೇ,

ನಾನು ನಿಮ್ಮನ್ನು ನೋಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಕದರಯ್ಯ

*

ಕ್ಯಾತ್ಸಂದ್ರ
೨ ಏಪ್ರಿಲ್ ೨೦೨೫

ಶ್ರೀ ಕದರಯ್ಯನವರಿಗೆ,

ಮೊನ್ನೆ ರಂಜಾನ್ ಹಬ್ಬ. ಪ್ರತಿ ವರ್ಷ ಹಬ್ಬದ ದಿನ ಬೆಳಗ್ಗೆ ಮೊದಲು ಬರುತ್ತಿದ್ದದ್ದು ನಿಮ್ಮ ಫೋನು. ಮಾತು ಬಿಟ್ಟ ವರ್ಷವೂ ಬಂದಿತ್ತು. ಈ ಸಲ ಇಲ್ಲ. ಸರಿ, ಲೆಕ್ಕ ಚುಕ್ತಾ.

ನೋಡಲಿಲ್ಲವಂತೆ, ಆಣೆಯಂತೆ. ನೀವು ನನ್ನನ್ನು ನೋಡದೇ ಇರುವುದು ನಿನ್ನೆ ಮೊನ್ನೆಯದಲ್ಲ. ನಿಮಗೆ ಯಾವಾಗಲೂ ಮಕ್ಕಳ ಪ್ರೀತಿ ಬೇಕಿತ್ತು. ನಾನು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರನ್ನು ನಿಲ್ಲಿಸುತ್ತಿದ್ದೆ, ನೀವು ಹಿಂದಿನ ಬಾಗಿಲಿನಿಂದ ಬಂದು ಕೂರಿಸುತ್ತಿದ್ದಿರಿ. ನಾನು ಕೆಟ್ಟವನಾದೆ, ನೀವು ದೇವರಾದಿರಿ. ಅದನ್ನೂ ಸಹಿಸಿದೆ. ಆದರೆ ನನ್ನ ಬಾಣಲೆ, ನನ್ನ ಎಣ್ಣೆ, ನನ್ನ ಕ್ಯಾರೆಟ್ಟನ್ನೇ ಎತ್ತಿಕೊಂಡು ಹೋಗಿ ಒಂದು ಹೆಣ್ಣುಮಗುವಿನ ತಲೆಯಲ್ಲಿ ನಿಮ್ಮ ಹೆಸರು ಕೆತ್ತಿದ್ದೀರಲ್ಲ, ಅದಕ್ಕೆ ಕನ್ನಡದಲ್ಲಿ ಒಂದು ಪದವಿದೆ. ನೀವು ಕನ್ನಡ ಮೇಷ್ಟ್ರು, ನಿಮಗೇ ಗೊತ್ತು. ಕಳವು.

ಪೂಜಾಗೆ ನಾನೇ ಪತ್ರ ಬರೆಯುತ್ತೇನೆ. ವಸ್ತುಪ್ರದರ್ಶನದ ಪ್ರಶಸ್ತಿಪತ್ರ ನನ್ನ ಬೀರುವಿನಲ್ಲಿದೆ, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಅವಳು ಓದಲಿ.

ನಜೀರ್ ಅಹಮದ್

*

ಹಾಗಲವಾಡಿ
೧೯ ಏಪ್ರಿಲ್ ೨೦೨೫

ನಜೀರ್ ಸಾಹೇಬರೇ,

ಅವಳಿಗೆ ಬರೆಯುವ ಮುಂಚೆ ಇದನ್ನು ಓದಿ. ಇಪ್ಪತ್ತೆರಡು ವರ್ಷ ನಿಮಗೆ ಹೇಳಲಿಲ್ಲ. ಹೇಳದೇ ಸಾಯೋಣ ಎಂದಿದ್ದೆ. ಕಳವು ಎಂದಿರಿ, ಇನ್ನು ಹೇಳದಿದ್ದರೆ ಆಗುವುದಿಲ್ಲ.

೨೦೦೩ರ ಜುಲೈ. ಎಂಟನೇ ತರಗತಿಗೆ ನೀವು ಜೀವಸತ್ವಗಳ ಪಾಠ ಮಾಡುತ್ತಿದ್ದಿರಿ. ಪಕ್ಕದ ಕೋಣೆಯಲ್ಲಿ ನನ್ನ ತರಗತಿ, ನಡುವೆ ಅರ್ಧ ಗೋಡೆ. ಸೊಪ್ಪು ತಿಂದವರಿಗೆ ಇರುಳುಗುರುಡು ಬರುವುದಿಲ್ಲ ಎಂದಿರಿ. ಆಗ ಒಂದು ಹುಡುಗಿ ಎದ್ದು ನಿಂತಳು. "ಸಾರ್, ನಾವ್ ದಿನಾ ಸೊಪ್ಪೇ ತಿನ್ನೋದು. ಆದ್ರೂ ನನ್ ತಮ್ಮಂಗೆ ಹೊತ್ ಮುಳುಗಿದ್ರೆ ಕಣ್ ಕಾಣಲ್ಲ." ನೀವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಸುಳ್ಳು ಹೇಳ್ಬೇಡ ಕಣೇ. ಸೊಪ್ಪು ತಿಂದಿದ್ರೆ ಕಾಣ್ಲೇಬೇಕು. ಕಾಣಲ್ಲ ಅಂದ್ರೆ ತಿಂದಿಲ್ಲ ಅಂತ ಅರ್ಥ. ಪಿರಿಯಡ್ ಮುಗಿಯೋವರ್ಗೂ ನಿಂತಿರು." ತರಗತಿ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಸುಳ್ಳುಸೊಪ್ಪು ಎಂದು ಹೆಸರು ಬಿದ್ದಿತ್ತು. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ನಾನು ಮಾರ್ಕೋನಹಳ್ಳಿಗೆ ಹೋದೆ. ಮಗು ಸುಳ್ಳು ಹೇಳಿರಲಿಲ್ಲ. ಅವರ ಮನೆಯಲ್ಲಿ ದಿನಾ ಬಸ್ಸಾರು. ಸೊಪ್ಪನ್ನು ನೀರಿನಲ್ಲಿ ಬೇಯಿಸಿ, ಬಸಿದು, ಹಿಂಡಿ ಮುದ್ದೆಯ ಜೊತೆ ತಿನ್ನುತ್ತಿದ್ದರು. ಎಣ್ಣೆ ಹಬ್ಬಕ್ಕೆ ಮಾತ್ರ. ಹಾಲು ಪೂರ್ತಿ ಡೈರಿಗೆ. ಆರು ವರ್ಷದ ಅಂಜನ್‌ಕುಮಾರನಿಗೆ ಹೊಟ್ಟೆಯ ತುಂಬ ಜಂತುಹುಳು, ಸದಾ ಭೇದಿ. ಸೊಪ್ಪು ಹೊಟ್ಟೆಗೆ ಹೋಗುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಹುಳುವಿಗೆ ಮಾತ್ರೆ, ಎ ಜೀವಸತ್ವದ ಔಷಧಿ ಕೊಟ್ಟರು. ಆಮೇಲೆ ಅವರ ಒಲೆಯ ಮೇಲೆ ಎರಡು ಪಾತ್ರೆ ಇಟ್ಟು ನಿಮ್ಮ ಪ್ರಯೋಗ ಮಾಡಿ ತೋರಿಸಿದೆ. ಎಣ್ಣೆ ಕಿತ್ತಳೆ ಬಣ್ಣವಾಗುವುದನ್ನು ಆ ಹುಡುಗಿ ನೋಡಿದ ರೀತಿ ನಾನು ಮರೆಯಲಾರೆ. "ಹಂಗಾರೆ ನಾನ್ ಸುಳ್ ಹೇಳಿರ್ನಿಲ್ಲ, ಅಲ್ವಾ ಸಾರ್?" ಎಂದು ಕೇಳಿದಳು.

ಆಗ ನಿಮ್ಮ ಹೆಸರು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವಳು ನಂಬುವುದಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಇದು: ನಿಮ್ಮ ಪ್ರಯೋಗ ನೋಡಲು ಮಕ್ಕಳು ಬೆಂಚು ಹತ್ತಿ ನಿಲ್ಲುತ್ತಿದ್ದರು. ನನ್ನ ವ್ಯಾಕರಣದ ಪಿರಿಯಡ್ಡಿಗೆ ಆಕಳಿಸುತ್ತಿದ್ದರು. ನನ್ನನ್ನು ಪ್ರೀತಿಸುತ್ತಿದ್ದರು, ನಿಮ್ಮನ್ನು ಬೆರಗಿನಿಂದ ನೋಡುತ್ತಿದ್ದರು. ನನಗೆ ಆ ಬೆರಗು ಒಂದು ಸಲ ಬೇಕಿತ್ತು. ಸಿಕ್ಕಿತು, ಇಟ್ಟುಕೊಂಡೆ. ನೀವಂದ ಪದ ಸರಿಯಾಗಿಯೇ ಇದೆ.

ಅಂಗೈ ಈಗ ಅರಿಶಿನ ಹಚ್ಚಿದ ಹಾಗಾಗಿದೆ. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಬಿಚ್ಚಿಲ್ಲ. ಮೈ ಊದಿಕೊಂಡಿದೆ, ದನಿ ಒಡೆದಿದೆ. ಬರೆಯಲು ಹಗಲು ಸಾಲುತ್ತಿಲ್ಲ, ಈ ಕಾಗದಕ್ಕೆ ಮೂರು ಹಗಲು ಹಿಡಿಯಿತು. ಇದೇ ಕೊನೆಯದು ಎಂದುಕೊಳ್ಳಿ.

ಕದರಯ್ಯ

*

ಕ್ಯಾತ್ಸಂದ್ರ
೧೧ ಮೇ ೨೦೨೫

ಮೇಷ್ಟ್ರೇ,

ಮೊದಲ ವಾರ ನಿಮ್ಮ ಕಾಗದ ಸುಳ್ಳೆಂದುಕೊಂಡೆ. ಗವರ್ನರ್ ನಮ್ಮ ಜಿಲ್ಲೆಗೆ ಬಂದ ದಿನ ತಿಂದ ತಿಂಡಿ ಯಾವುದು ಎಂದು ನೆನಪಿರುವವನಿಗೆ ಇದು ನೆನಪಿಲ್ಲವೇ? ಎರಡನೆಯ ವಾರ ಬೀರು ತೆಗೆದೆ. ಹಳೆಯ ಪಾಠ ಟಿಪ್ಪಣಿ ಪುಸ್ತಕಗಳನ್ನೆಲ್ಲ ಇಟ್ಟಿದ್ದೇನೆ. ೨೦೦೩, ಜುಲೈ ೧೭. "ಜೀವಸತ್ವ ಎ. ಪಾಠ ಮುಗಿಯಿತು. ಒಬ್ಬಳು ಉದ್ಧಟತನ ಮಾಡಿದ್ದರಿಂದ ನಿಲ್ಲಿಸಲಾಯಿತು." ನನ್ನದೇ ಅಕ್ಷರ. ಒಬ್ಬಳು ಎಂದಷ್ಟೇ ಇದೆ. ಹೆಸರು ಕೂಡ ಬರೆದಿಲ್ಲ.

ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪನ್ನು ತಾರೀಖಿನ ಸಮೇತ ನೆನಪಿಟ್ಟವನು ನನ್ನದನ್ನು ಎಷ್ಟು ಚೆನ್ನಾಗಿ ಮರೆತಿದ್ದೆ ನೋಡಿ. ವಿಜ್ಞಾನದ ಮೇಷ್ಟ್ರಿಗೆ ಒಂದು ಮಗು ಅಪರೂಪದ ಪ್ರಶ್ನೆ ತಂದಿತ್ತು. ಎಣ್ಣೆ ಬೇಕೆಂದು ಎಂಟು ತಿಂಗಳ ಹಿಂದೆ ತಾನೇ ಕುಣಿಗಲ್‌ಗೆಲ್ಲ ತೋರಿಸಿದವನು, ಆ ಮಗುವಿನ ಮನೆಯಲ್ಲಿ ಎಣ್ಣೆ ಇದೆಯೇ ಎಂದು ಕೇಳಲಿಲ್ಲ. ನೀವು ಕೇಳಿದಿರಿ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ಅವಳಿಗೆ ಪತ್ರ ಹಾಕಿಲ್ಲ. ಹರಿದೆ.

ಈಗ ಮುಖ್ಯ ವಿಷಯ. ನಿಮ್ಮ ನಾಲ್ಕು ಕಾಗದಗಳನ್ನೂ ಮಂಚದ ಮೇಲೆ ಸಾಲಾಗಿ ಇಟ್ಟೆ. ಜಮಾಲುನ್ನೀಸಾ ಬಂದು ನೋಡಿ, "ಏನಿದು, ಒಂದಕ್ಕಿಂತ ಒಂದು ಅಕ್ಷರ ದಪ್ಪ ಆಗ್ತಾ ಹೋಗಿದೆ! ಪಾಪ, ಅವ್ರಿಗೆ ಕಣ್ ಕಾಣ್ತಿದ್ಯೋ ಇಲ್ವೋ" ಅಂದಳು. ನಾನು ನಾಲ್ಕು ತಿಂಗಳು ಆ ಕಾಗದಗಳಲ್ಲಿ ನನ್ನ ಹೆಸರು ಮಾತ್ರ ಹುಡುಕಿದ್ದೆ. ಬೆಳಕು ಹೋಗುವ ಮುಂಚೆ ಮುಗಿಸಬೇಕು. ಕಾರ್ಯಕ್ರಮ ಬೆಳಗ್ಗೆ ಇಡಿಸಿ. ಗೋಡೆ ಸವರಿಕೊಂಡು ನಡೆದದ್ದು. ದೀಪದ ಕೆಳಗೆ ಎಲ್ಲರ ಗುರುತು ಹಿಡಿದದ್ದು. ಎರಡು ಮಾರು ದೂರದಲ್ಲಿ ಚಾಚಿದ ಕೈ ಕಾಣದೇ ಹೋದದ್ದು.

ನೀವು ನಿಜವನ್ನೇ ಬರೆದಿದ್ದಿರಿ. ನೋಡಲಿಲ್ಲ.

ಫೋನ್ ಮಾಡುವುದಿಲ್ಲ ಎಂಬ ಮಾತು ಮುರಿದು ನಿನ್ನೆ ಭೀಮರಾಜನಿಗೆ ಮಾಡಿದೆ. "ಅಪ್ಪನ ಕಣ್ಣಿನ ಬಿಳಿ ಭಾಗ ಹಳದಿ ಇದ್ಯೇನಪ್ಪ?" ಎಂದು ಕೇಳಿದೆ. "ಇಲ್ಲ ಸಾರ್, ಬೆಳ್ಳಗೇ ಐತೆ. ಕೈ ಮಾತ್ರ ಹಳ್ದಿ" ಎಂದ. ಮೇಷ್ಟ್ರೇ, ಕಾಮಾಲೆಯಾದರೆ ಮೊದಲು ಕಣ್ಣು ಹಳದಿಯಾಗುತ್ತದೆ. ಇದು ಕಾಮಾಲೆಯಲ್ಲ, ನೀವು ಕುಡಿದ ಕ್ಯಾರೆಟ್. ನಿಮ್ಮ ಚಳಿ, ಊತ ನೆನೆದು, "ಅಮ್ಮ ಇದ್ದಾಗ ಬೆಳಗ್ಗೆ ಯಾವ್ದಾದ್ರೂ ಮಾತ್ರೆ ಕೊಡ್ತಿದ್ರಾ?" ಎಂದೆ. "ಥೈರಾಯ್ಡ್‌ದು ಸಾರ್. ಅವ್ವನೇ ಖಾಲಿ ಹೊಟ್ಟೇಲಿ ಕೊಡೋಳು. ಅವ್ವ ಹೋದ್ಮೇಲೆ ತಗಂಡವ್ರೋ ಇಲ್ವೋ ನಾವ್ಯಾರೂ ನೋಡ್ನಿಲ್ಲ."

ಚಿಕ್ಕಮಾರಮ್ಮನವರು ಹೋಗಿ ಒಂದೂವರೆ ವರ್ಷವಾಯಿತು. ನಾನು ತಿಥಿಗೆ ಬಂದಿದ್ದೆ, ಊಟ ಮಾಡಿದೆ, ನಿಮ್ಮನ್ನು ಏನೂ ಕೇಳದೆ ವಾಪಸು ಬಂದೆ.

ಇನ್ನು ಪಾಠ ಕೇಳಿ. ಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ ಎ ಜೀವಸತ್ವ ಇರುವುದಿಲ್ಲ. ಅದಾಗಬಲ್ಲ ಬಣ್ಣವಿರುತ್ತದೆ, ಅಷ್ಟೇ. ಎಣ್ಣೆಯಂಶದ ಜೊತೆ ಅದು ಕರುಳಿನ ಗೋಡೆಗೆ ಸೇರಬೇಕು. ಅಲ್ಲಿ ಒಂದು ಕಿಣ್ವ ಅದನ್ನು ಸರಿಯಾಗಿ ನಡುವೆ ಕತ್ತರಿಸಬೇಕು. ಆಗ ಬರುವ ಹೋಳುಗಳೇ ಎ ಜೀವಸತ್ವ. ಮಬ್ಬು ಬೆಳಕಿನಲ್ಲಿ ಕಣ್ಣು ಕೆಲಸ ಮಾಡುವುದು ಅದರಿಂದ. ಥೈರಾಯ್ಡ್ ಕುಗ್ಗಿದವರಲ್ಲಿ ಆ ಕತ್ತರಿ ಮೊಂಡಾಗುತ್ತದೆ. ಬಣ್ಣ ಬಣ್ಣವಾಗಿಯೇ ಉಳಿದು, ರಕ್ತದಲ್ಲಿ ಅಲೆದು, ಅಂಗೈ ಅಂಗಾಲಿಗೆ ಬಂದು ಕೂರುತ್ತದೆ. ಅಂಗೈಯಲ್ಲಿ ಕ್ಯಾರೆಟ್ ತುಂಬಿದೆ, ಕಣ್ಣಿಗೆ ಒಂದು ತೊಟ್ಟಿಲ್ಲ. ಅದರ ಮೇಲೆ ಹಾಲು, ಮೊಟ್ಟೆ, ತುಪ್ಪ ಬಿಟ್ಟಿರಿ. ಕತ್ತರಿಸುವ ಗೋಜಿಲ್ಲದ, ಸಿದ್ಧವಾದ ಎ ಜೀವಸತ್ವ ಇರುವುದೇ ಅವುಗಳಲ್ಲಿ. ಚಳಿ, ಊತ, ನಿದ್ದೆ, ಒಡೆದ ದನಿ ಎಲ್ಲ ಥೈರಾಯ್ಡಿನ ಲಕ್ಷಣ.

ಇದು ನನ್ನ ಊಹೆ. ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರ್. ನಾನು ಒಂದು ಸಲ ಪರೀಕ್ಷೆ ಮಾಡದೆ ಹೇಳಿ ಏನಾಯಿತೆಂದು ನೋಡಿದ್ದೇನೆ. ಬುಧವಾರ ಬೆಳಗ್ಗೆ ಕಾರು ಮಾಡಿಕೊಂಡು ಹಾಗಲವಾಡಿಗೆ ಬರುತ್ತೇನೆ. ತುಮಕೂರಿನಲ್ಲಿ ಡಾಕ್ಟರ್ ಲಕ್ಷ್ಮೀಕಾಂತ್ ಇದ್ದಾನೆ. ಅವನು ನನ್ನ ಶಿಷ್ಯ, ನಿಮ್ಮವನಲ್ಲ. ದಯವಿಟ್ಟು ಅಲ್ಲಿ ಅವನನ್ನು ಮಾತಾಡಿಸಿ ಒಲಿಸಿಕೊಳ್ಳಬೇಡಿ.

ಈ ಕಾಗದ ನನಗಿಂತ ತಡವಾಗಿ ತಲುಪಬಹುದು. ಆದರೂ ಬರೆದೆ. ಎದುರಿಗೆ ನಿಂತು ಇಷ್ಟೆಲ್ಲ ಒಪ್ಪಿಕೊಳ್ಳುವುದು ನನ್ನಿಂದ ಆಗದು.

ನಜೀರ್

*

ಹಾಗಲವಾಡಿ
೩೦ ಜುಲೈ ೨೦೨೫

ನಜೀರ್ ಸಾಹೇಬರಿಗೆ,

ನಿಮ್ಮ ಕಾಗದ ನೀವು ಬಂದು ಹೋದ ಎರಡು ದಿನಕ್ಕೆ ತಲುಪಿತು. ಕಾರಿನಲ್ಲಿ ದಾರಿಯುದ್ದಕ್ಕೂ ನೀವು ರಸ್ತೆಯ ಗುಂಡಿಗಳ ಬಗ್ಗೆ ಮಾತ್ರ ಬೈದದ್ದು ಯಾಕೆಂದು ಆಗ ತಿಳಿಯಿತು.

ಲಕ್ಷ್ಮೀಕಾಂತ್ ಬರೆದುಕೊಟ್ಟ ಥೈರಾಯ್ಡ್ ಮಾತ್ರೆ ಈಗ ಸೊಸೆ ಕೊಡುತ್ತಾಳೆ, ನುಂಗುವವರೆಗೂ ಎದುರಿಗೇ ನಿಲ್ಲುತ್ತಾಳೆ. ರಕ್ತದಲ್ಲಿ ಎ ಜೀವಸತ್ವ ತೀರಾ ಕಡಿಮೆಯಿತ್ತಂತೆ, ಅದಕ್ಕೆ ಕೊಟ್ಟ ಔಷಧಿ ಮುಗಿಯಿತು. ಕ್ಯಾರೆಟ್ ರಸ ನಿಲ್ಲಿಸಿದೆ. ದಿನಾ ಒಂದು ಮೊಟ್ಟೆ, ಡೈರಿಗೆ ಹೋಗುವ ಮುಂಚೆಯೇ ಒಂದು ಲೋಟ ಹಾಲು. ಯಲ್ಲಯ್ಯನವರಿಗೆ ನೀವು ಕಣ್ಣಿನ ಬಿಳಿಯ ವಿಷಯ ವಿವರಿಸಿದ ಮೇಲೆ ಅವರೂ ಈಗ ಬಂದವರ ಕಣ್ಣು ಬಿಡಿಸಿ ನೋಡುತ್ತಾರೆ. "ಕಣ್ ಬೆಳ್ಳಗಿದ್ರೆ ನನ್ತಾವ್ ಬರ್ಬೇಡಿ, ಆ ಸಾಬ್ರು ಮೇಷ್ಟ್ರು ಬಂದು ಜಗಳ ತೆಗೀತಾರೆ" ಎನ್ನುತ್ತಾರಂತೆ.

ಬಲಗಣ್ಣಿನಲ್ಲಿ ಪೊರೆಯೂ ಇದೆ, ಅದಕ್ಕೆ ಬೇರೆ ಆಪರೇಷನ್ ಆಗಬೇಕು. ಎಲ್ಲವೂ ನಿಮ್ಮ ಪಾಠದಂತೆಯೇ ಇರುವುದಿಲ್ಲ.

ಗೇಟಿನ ಬಳಿ ಕಣ್ಣು ಕಾಣಲಿಲ್ಲವೆಂದು ಆಗಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರ್ ಬಳಿ ಕಾಯುವಾಗ ಒಂದು ಸಲ ಕೇಳಿದಿರಿ. ಈಗ ಹೇಳುತ್ತೇನೆ. ಒಂದು ಮಗುವಿನ ಇರುಳುಗುರುಡು ಬಿಡಿಸಿದವನೆಂದು ಶಾಲು ಹೊದಿಸಿಕೊಂಡವನಿಗೇ ಇರುಳುಗುರುಡು ಎಂದರೆ ನೀವು ನಗುತ್ತೀರಿ ಎಂದು ಹೆದರಿದ್ದೆ. ನಿಮಗಾದ ಅವಮಾನಕ್ಕಿಂತ ನಿಮ್ಮ ನಗು ನನಗೆ ಕಷ್ಟವಾಗಿ ಕಂಡಿತು.

ಪೂಜಾಗೆ ಬರೆದಿದ್ದೇನೆ. ಎಲ್ಲವನ್ನೂ. ಪ್ರಯೋಗ ಯಾರದೆಂದು, ನಾನು ಯಾಕೆ ಹೇಳಲಿಲ್ಲವೆಂದು.

ಇವತ್ತು ಹೊತ್ತು ಮುಳುಗಿದ ಮೇಲೆ ಜಗುಲಿಯಲ್ಲಿ ಕೂತಿದ್ದೆ. ಬೀದಿಯಾಚೆ ಕರು ಹೊಡೆದುಕೊಂಡು ಹೋಗುತ್ತಿದ್ದವಳು ಯಾರೆಂದು ಗುರುತು ಸಿಕ್ಕಿತು. ದನಿಯಿಂದಲ್ಲ. ಮುಖದಿಂದ.

ಕದರಯ್ಯ

*

ಕ್ಯಾತ್ಸಂದ್ರ
೧೨ ಆಗಸ್ಟ್ ೨೦೨೫

ಮೇಷ್ಟ್ರೇ,

ಅಕ್ಷರ ದುಂಡಗಾಗಿದೆ. ಎರಡು ಕಾಗುಣಿತದ ತಪ್ಪುಗಳಿವೆ, ಕೆಂಪು ಗೆರೆ ಎಳೆದಿಟ್ಟಿದ್ದೇನೆ.

ಪೂಜಾ ನಿನ್ನೆ ಫೋನ್ ಮಾಡಿದ್ದಳು. ನಾನು ಮೊದಲು ಅವಳಲ್ಲಿ ಕ್ಷಮೆ ಕೇಳಿದೆ. ಕೇಳುವಾಗ ಎದ್ದು ನಿಂತಿದ್ದೆ ಎಂದು ಜಮಾಲುನ್ನೀಸಾ ಆಮೇಲೆ ಹೇಳಿದಳು. ಪೂಜಾ, "ಸಾರ್, ನೀವ್ ಅವತ್ತು ನಿಲ್ಸಿದ್ರಲ್ಲ, ನಿಂತ್ಕೊಂಡೇ ಯೋಚ್ನೆ ಮಾಡಿದ್ದು. ಸೊಪ್ಪು ತಿಂದ್ರೂ ಯಾಕ್ ಕಾಣಲ್ಲ ಅಂತ. ಇನ್ನೂ ಅದನ್ನೇ ಯೋಚ್ನೆ ಮಾಡ್ತಿದೀನಿ" ಎಂದಳು. ಅದು ಕ್ಷಮೆಯೋ ಅಲ್ಲವೋ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಒಟ್ಟು ಹನ್ನೆರಡು ನಿಮಿಷ ಮಾತಾಡಿದಳು, ಫೋನಿನಲ್ಲಿ ತೋರಿಸುತ್ತದೆ. ಅದರಲ್ಲಿ ಹನ್ನೊಂದು ನಿಮಿಷ ನಿಮ್ಮ ಬಗ್ಗೆ. ನಿಮ್ಮ ಕಣ್ಣು, ನಿಮ್ಮ ಮಾತ್ರೆ, ನಿಮ್ಮ ಒಳ್ಳೆಯತನ. ರೋಗದ ಜಾಡು ಹಿಡಿದದ್ದು ನಾನು ಎಂದು ಎರಡು ಸಲ ನೆನಪಿಸಬೇಕಾಯಿತು.

ಮುಂದಿನ ರಂಜಾನ್ ಫೆಬ್ರುವರಿಯಲ್ಲೇ ಬರುತ್ತದೆ. ಅಷ್ಟರಲ್ಲಿ ಪೊರೆಯ ಆಪರೇಷನ್ನೂ ಆಗಿರುತ್ತದೆ. ಒಂದು ಸಂಜೆ ಅಂಜನ್‌ಕುಮಾರನ ಕಾರಿನಲ್ಲಿ ನಮ್ಮ ಮನೆಗೆ ಬನ್ನಿ. ನೀರು ತನ್ನಿ. ಗೇಟಿನ ಹತ್ತಿರ ನಿಂತಿರುತ್ತೇನೆ, ಅಂಗೈಯಲ್ಲಿ ಖರ್ಜೂರವಿರುತ್ತದೆ. ಕರೆಯುವುದಿಲ್ಲ. ಗೇಟಿನ ಲೈಟೂ ಹಾಕುವುದಿಲ್ಲ.

ಈ ಸಲ ನೋಡದೆ ಮುಂದೆ ಹೋದಿರೋ, ಅವಮಾನವೆಂದೇ ತಿಳಿಯುತ್ತೇನೆ.

ನಜೀರ್